ಬೀಗತಿಯ ಜೊತೆ ಬಾಗೇವಾಡಿಗೆ

ಇಂಡಿ ಬಸ್ ನಿಲ್ದಾಣ ತಲುಪಿದಾಗ ಬೆಳಗಿನ ಆರೂವರೆ. ನವೆಂಬರಿನ ಚಳಿ ಶಾಲು ದಾಟಿ ಒಳಗೆ ಬರುತ್ತಿತ್ತು. ನಿಂಬೆಹಣ್ಣಿನ ಚೀಲಗಳನ್ನು ಟೆಂಪೋಗೆ ಏರಿಸುತ್ತಿದ್ದ ಹಮಾಲರನ್ನು ಬಿಟ್ಟರೆ ಹೆಚ್ಚು ಜನರಿರಲಿಲ್ಲ. ನಾನು ಹೋಗಬೇಕಾಗಿದ್ದದ್ದು ಬಸವನ ಬಾಗೇವಾಡಿಗೆ. ವಿಜಯಪುರದ ಮೇಲೆ ಹೋದರೆ ನೆಟ್ಟಗಿನ ದಾರಿ. ನಾನು ಮಾತ್ರ ಸಿಂದಗಿ ಬಸ್ಸು ಹತ್ತಿದೆ.

ಹಿಂದಿನ ದಿನ ಸಂಜೆ ಮಗ ಇಮ್ತಿಯಾಜ್ ಫೋನ್ ಮಾಡಿದ್ದ. ಅವನು ಮುಳವಾಡದ ಏತ ನೀರಾವರಿಯ ಪಂಪ್‌ಹೌಸಿನಲ್ಲಿ ಕೆಲಸ ಮಾಡುತ್ತಾನೆ. ಗಂಡ ಹೆಂಡತಿ ಗೊಳಸಂಗಿಯಲ್ಲಿದ್ದಾರೆ. ಸೊಸೆ ನಸ್ರೀನ್ ಏಳು ತಿಂಗಳ ಬಸುರಿ. ತಪಾಸಣೆಗೆಂದು ಬಾಗೇವಾಡಿಗೆ ಹೋದವಳನ್ನು ಅಲ್ಲೇ ಆಸ್ಪತ್ರೆಗೆ ಸೇರಿಸಿಕೊಂಡಿದ್ದರು. ರಕ್ತದಲ್ಲಿ ಪ್ಲೇಟ್‌ಲೆಟ್ ತೀರ ಕಡಿಮೆ ಬಂದಿತ್ತು. ಜ್ವರವಿಲ್ಲ, ಮೈಮೇಲೆ ಕಲೆಯಿಲ್ಲ, ಬಿಪಿ ಮಾತ್ರ ಸ್ವಲ್ಪ ಮೇಲಿತ್ತು. ಇದು ಬಸುರಿನಲ್ಲಿ ಬರುವ ಬಿಪಿ ಕಾಯಿಲೆಯ ಶುರುವೋ, ರಕ್ತದ್ದೇ ಬೇರೆ ರೋಗವೋ ಎಂಬುದು ಡಾಕ್ಟರಮ್ಮನಿಗೆ ಇನ್ನೂ ಖಚಿತವಿರಲಿಲ್ಲ. ಮೊದಲನೆಯದಾದರೆ ತಿಂಗಳು ತುಂಬುವ ಮೊದಲೇ ಮಗುವನ್ನು ಹೊರಗೆ ತೆಗೆಯಬೇಕಾಗಬಹುದು ಎಂದಿದ್ದರು. ರಕ್ತವನ್ನು ವಿಜಯಪುರಕ್ಕೆ ಕಳಿಸಿದ್ದರು. ವರದಿಗೆ ಎರಡು ದಿನ ಬೇಕಿತ್ತು.

ಅವರು ಇನ್ನೊಂದು ಪ್ರಶ್ನೆಯನ್ನೂ ಕೇಳಿದ್ದರು: ತಾಯಿಯ ಕಡೆ ಯಾರಿಗಾದರೂ ರಕ್ತದ ತೊಂದರೆ ಇತ್ತೆ? ನಸ್ರೀನಳಿಗೆ ಗೊತ್ತಿರಲಿಲ್ಲ. ಅವಳ ತಾಯಿ ಖಾಸೀಂಬಿ ಸಿಂದಗಿಯಲ್ಲಿ ಒಬ್ಬರೇ ಇರುತ್ತಾರೆ, ಜಂಪರ್ ಹೊಲಿದು ಬದುಕು ಮಾಡಿದವರು. ಫೋನಿನಲ್ಲಿ ಹೇಳಿದರೆ ಅವ್ವ ಒಬ್ಬಳೇ ಗಾಬರಿಯಾಗುತ್ತಾಳೆ, ಹೇಳಬೇಡಿ ಎಂದು ನಸ್ರೀನ್ ಬೇಡಿಕೊಂಡಿದ್ದಳಂತೆ. ನಾನು ಫೋನ್ ಮಾಡಿದರೂ ಅವರು ಎತ್ತುತ್ತಿರಲಿಲ್ಲ. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕೆಂಬುದು ಅವರ ಆಸೆ. ಬಾಗೇವಾಡಿಯಲ್ಲೇ ಆಗಲಿ ಎಂಬುದು ನನ್ನ ಹಟ. ಸೊಸೆಗೆ ಸೀಮಂತದ ಕುಬಸ ಮಾಡಿದ ದಿನ ಮಾತಿಗೆ ಮಾತು ಬೆಳೆದು, ಅವರು ಊಟದ ತಟ್ಟೆ ಬಿಟ್ಟು ಎದ್ದುಹೋಗಿದ್ದರು. ಅಂದಿನಿಂದ ನಮ್ಮಿಬ್ಬರ ನಡುವೆ ಮಾತಿರಲಿಲ್ಲ.

ನಾನೇ ಹೋಗಿ ಕರೆದುಕೊಂಡು ಬರುತ್ತೇನೆ ಎಂದು ಇಮ್ತಿಯಾಜನಿಗೆ ಹೇಳಿದೆ. ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಕಲಿಸಿದವಳು ನಾನು. ಸಿಟ್ಟಾದ ಪಾಲಕರ ಮನೆಬಾಗಿಲಿಗೆ ಹೋಗಿ ನಿಲ್ಲುವುದು ನನಗೆ ಹೊಸದಲ್ಲ.

ಬಸ್ಸಿನಲ್ಲಿ ಹೆಂಗಸರಿಗೆ ದುಡ್ಡಿಲ್ಲ. ಕಂಡಕ್ಟರ್ ಆಧಾರ್ ಕಾರ್ಡು ನೋಡಿ ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಟ್ಟ. ದಾರಿಯುದ್ದಕ್ಕೂ ತೊಗರಿ ಹಳದಿಯಾಗಿ ಹೂ ಬಿಟ್ಟಿತ್ತು. ನಡುನಡುವೆ ಹತ್ತಿ ಬಿಡಿಸುವ ಆಳುಗಳು ಆಗಲೇ ಹೊಲಕ್ಕಿಳಿದಿದ್ದರು. ಕಿಟಕಿಯ ಗಾಜು ಮುಚ್ಚುತ್ತಿರಲಿಲ್ಲ. ಸಿಂದಗಿಯಲ್ಲಿ ಇಳಿಯುವಷ್ಟರಲ್ಲಿ ಕಿವಿ ಮರಗಟ್ಟಿದ್ದವು.

ಖಾಸೀಂಬಿ ಬಾಗಿಲ ಬೆಳಕಿನಲ್ಲಿ ಮಶೀನಿನ ಮುಂದೆ ಕೂತಿದ್ದರು. ನನ್ನನ್ನು ಕಂಡು ಕಾಲು ನಿಲ್ಲಿಸಿದರು. ಬರ್ರಿ ಎನ್ನಲೂ ಇಲ್ಲ.

"ನಸ್ರೀನಗ ಏನಾಗೇತಿ ಹೇಳ್ರಿ," ಎಂದರು.

ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಅಳಲಿಲ್ಲ, ಬೈಯಲೂ ಇಲ್ಲ. ಹೊಲಿಯುತ್ತಿದ್ದ ಬಟ್ಟೆಯನ್ನು ಸೂಜಿಯಿಂದ ಬಿಡಿಸಿ ಮಡಚಿಟ್ಟರು. ಡಾಕ್ಟರ್ ಕೇಳಿದ ಪ್ರಶ್ನೆಯನ್ನು ನಾನು ಕೇಳಿದಾಗ ಮಾತ್ರ ಮುಖ ತಿರುಗಿಸಿ, ತಮ್ಮ ಕಡೆ ಯಾರಿಗೂ ಏನೂ ಇಲ್ಲ ಎಂದು ಒಳಗೆ ಹೋದರು. ಹತ್ತು ನಿಮಿಷದಲ್ಲಿ ಎರಡು ಸೀರೆ, ನಾಲ್ಕು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೊರಬಂದು ಬೀಗ ಹಾಕಿದರು.

ದೇವರ ಹಿಪ್ಪರಗಿಯವರೆಗೆ ಒಂದೇ ಸೀಟಿನಲ್ಲಿ ಕೂತು ಬಂದೆವು. ಅಲ್ಲಿಂದ ಬಾಗೇವಾಡಿಗೆ ಬಸ್ಸು ಬದಲಿಸಬೇಕಿತ್ತು. ನಿಲ್ದಾಣದ ಕಟ್ಟೆಯ ಮೇಲೆ ಕೂತು ಚಹಾ ತರಿಸಿದೆ. ಖಾಸೀಂಬಿ ಕಪ್ಪನ್ನು ಕೈಯಲ್ಲಿ ಹಿಡಿದರೇ ಹೊರತು ಕುಡಿಯಲಿಲ್ಲ.

"ಬೀಗತೇರ, ಡಾಕ್ಟರ್ ಕೇಳಿದ್ದು ತಾಯಿದೇನ್ರಿ?"

"ಹೌದ್ರಿ. ತಾಯಿ ಕಡೀದು."

"ನನಗ ಐತ್ರಿ," ಎಂದರು.

ಐದು ವರ್ಷದ ಹಿಂದೆ ಅವರಿಗೆ ಮುದ್ದೇಬಿಹಾಳದಲ್ಲಿ ಗರ್ಭಕೋಶದ ಆಪರೇಶನ್ ಆಗಿತ್ತು. ಅಲ್ಲಿ ಅವರ ಅಣ್ಣನ ಮನೆಯಿದೆ. ಆಪರೇಶನ್ನಿನ ಮುಂಚೆ ರಕ್ತ ನೋಡಿದಾಗ ಇದೇ ಪ್ಲೇಟ್‌ಲೆಟ್ ಕಡಿಮೆ ಬಂದು, ದಿನ ಮುಂದೆ ಹೋಗಿತ್ತು. ರಕ್ತವನ್ನು ಬೇರೆ ಊರಿಗೆ ಕಳಿಸಿದ್ದರು. ಅಲ್ಲಿಂದ ಬಂದ ಕಾಗದ ನೋಡಿದ ಡಾಕ್ಟರು ಹೆದರಬೇಡ ಎಂದು ಆಪರೇಶನ್ ಮಾಡಿಯೇಬಿಟ್ಟರಂತೆ. ಹೆಚ್ಚಿನ ರಕ್ತ ಹೋಗಲಿಲ್ಲ. ಕಾಗದ ಇಂಗ್ಲಿಷಿನಲ್ಲಿದ್ದುದರಿಂದ ಅದರಲ್ಲೇನಿತ್ತು ಎಂಬುದು ಅವರಿಗೆ ತಿಳಿಯದು. ದಿನ ಮುಂದೆ ಹೋಗಿ ಅವರು ಸಿಂದಗಿಗೆ ಮರಳಿದ್ದ ಆ ವಾರದಲ್ಲೇ ನಾವು ನಸ್ರೀನಳನ್ನು ನೋಡಲು ಹೋಗಿದ್ದೆವು. ಮನೆತನದಲ್ಲಿ ಏನಾದರೂ ಜಡ್ಡು ಇದೆಯೇ ಎಂದು ನಾನು ಎರಡು ಸಲ ಕೇಳಿದ್ದೆನಂತೆ. ರಕ್ತದ ಸುದ್ದಿ ತಿಳಿದರೆ ಸಂಬಂಧ ಮುರಿಯುತ್ತದೆಂದು ಹೆದರಿ, ಆಮೇಲೆ ಆದ ಆಪರೇಶನ್ನನ್ನೇ ಮುಚ್ಚಿಟ್ಟಿದ್ದರು. ಅಣ್ಣನ ಮೈಗೆ ಆರಾಮಿಲ್ಲ ಎಂದು ಮಗಳಿಗೆ ಹೇಳಿ ಮುದ್ದೇಬಿಹಾಳದಲ್ಲಿ ಒಂದು ತಿಂಗಳು ಉಳಿದಿದ್ದರು.

"ಹೇಳಿದ್ರ ಹುಡುಗಿ ಬ್ಯಾಡ ಅಂತಿದ್ರಿ," ಎಂದರು.

ಇಲ್ಲ ಎನ್ನಲು ಬಾಯಿ ತೆರೆದೆ. ಆ ದಿನ ಅವರ ಪಡಸಾಲೆಯಲ್ಲಿ ಬಾಳೆಹಣ್ಣು ಕೈಯಲ್ಲಿ ಹಿಡಿದು, ಪರೀಕ್ಷೆಗೆ ಕೂತವರನ್ನು ಕೇಳುವಂತೆ ಪ್ರಶ್ನೆ ಕೇಳುತ್ತಿದ್ದ ನನ್ನನ್ನು ನೆನೆದೆ. ಸುಳ್ಳು ಹೇಳಲಾಗಲಿಲ್ಲ.

"ಅಂತಿದ್ದೆ ಅನ್ನಸ್ತೈತ್ರಿ," ಎಂದೆ.

ಅವರು ಚಹಾ ಕುಡಿದರು. ಅಷ್ಟರಲ್ಲಿ ಬಾಗೇವಾಡಿ ಬಸ್ಸು ಬಂದು ನಿಂತಿತು, ಅರ್ಧ ಖಾಲಿ. ನಾನು ಏಳಲಿಲ್ಲ. ಆ ಕಾಗದ ಎಲ್ಲಿದೆ ಎಂದು ಕೇಳಿದೆ. ಅಣ್ಣನ ಮನೆಯ ಅಟ್ಟದ ಮೇಲೆ, ಟ್ರಂಕಿನಲ್ಲಿದೆ. ಟ್ರಂಕಿಗೆ ಬೀಗವಿದೆ, ಕೀಲಿ ತಮ್ಮ ಹತ್ತಿರವೇ ಇದೆ ಎಂದರು. ಇಮ್ತಿಯಾಜನಿಗೆ ಫೋನ್ ಮಾಡಿದೆ. ಅವನು ಡಾಕ್ಟರಮ್ಮನನ್ನು ಕೇಳಿ ಐದು ನಿಮಿಷದಲ್ಲಿ ತಿರುಗಿ ಮಾಡಿದ. ಕಾಗದವೂ ಬೇಕು, ತಾಯಿಯೂ ಬೇಕು, ಎಷ್ಟು ಬೇಗ ಬಂದರೆ ಅಷ್ಟು ಒಳ್ಳೆಯದು. ನಸ್ರೀನಳ ಪ್ಲೇಟ್‌ಲೆಟ್ ಎಣಿಕೆ ಬೆಳಿಗ್ಗೆ ಇನ್ನಷ್ಟು ಇಳಿದಿತ್ತು.

ತಾಳಿಕೋಟೆಯ ಬಸ್ಸಿಗೆ ಓಡಿದೆವು. ನನ್ನ ಮೊಣಕಾಲು ಓಡುವಂಥದ್ದಲ್ಲ. ಖಾಸೀಂಬಿ ನನ್ನ ಚೀಲವನ್ನೂ ತಾವೇ ಹೊತ್ತುಕೊಂಡು ಮೊದಲು ಹತ್ತಿ, ನಾನು ಬರುವವರೆಗೆ ಬಾಗಿಲಲ್ಲೇ ನಿಂತರು. ಕಂಡಕ್ಟರ್ ಗದರಿಸಿದರೂ ಅಲುಗಲಿಲ್ಲ. ತಾಳಿಕೋಟೆಯಲ್ಲಿ ಮುದ್ದೇಬಿಹಾಳದ ಬಸ್ಸಿಗೆ ಮುಕ್ಕಾಲು ತಾಸು ಕಾಯಬೇಕಾಯಿತು. ಚಳಿ ಹೋಗಿ ಬಿಸಿಲು ಚುರುಗುಟ್ಟುತ್ತಿತ್ತು. ನಿಂತುಕೊಂಡೇ ರೊಟ್ಟಿ ತಿಂದೆವು. ಚಟ್ನಿ ಖಾರವಿತ್ತು, ನನಗೆ ಬಿಕ್ಕಳಿಕೆ ಬಂತು. ಅವರು ನೀರಿನ ಬಾಟಲಿ ಚಾಚಿದರು.

ಮುದ್ದೇಬಿಹಾಳ ತಲುಪಿದಾಗ ಎರಡು ಗಂಟೆ. ಆಟೋದವನನ್ನು ಮನೆಯ ಮುಂದೆಯೇ ನಿಲ್ಲಿಸಿಕೊಂಡೆ. ಅಣ್ಣ ಅಂಗಡಿಯಲ್ಲಿದ್ದರು, ಅವರ ಹೆಂಡತಿ ಊಟಕ್ಕೆ ಒತ್ತಾಯ ಮಾಡಿದರು. ನಾವು ನೀರಷ್ಟೇ ಕುಡಿದೆವು. ಖಾಸೀಂಬಿ ಏಣಿ ಹತ್ತಿ, ಧೂಳಿನ ಟ್ರಂಕು ತೆರೆದು, ಪ್ಲಾಸ್ಟಿಕ್ ಚೀಲವೊಂದನ್ನು ನನ್ನ ಕೈಗಿತ್ತರು. ಕಾಗದದ ಮಡಿಕೆಗಳು ಹರಿಯುವಂತಿದ್ದವು. ಓದಿದೆ. ಪ್ಲೇಟ್‌ಲೆಟ್‌ಗಳ ಗಾತ್ರ ದೊಡ್ಡದು ಎಂಬುದೊಂದು ತಿಳಿಯಿತು. ಅದು ಒಳ್ಳೆಯದೋ ಕೆಟ್ಟದೋ ತಿಳಿಯಲಿಲ್ಲ. ಅಲ್ಲೇ ಅಂಗಳದ ಬಿಸಿಲಿನಲ್ಲಿ ಹಿಡಿದು ಫೋಟೋ ತೆಗೆದು ಮಗನಿಗೆ ಕಳಿಸಿದೆ.

ಬಾಗೇವಾಡಿಯ ದಾರಿಯಲ್ಲಿ ಅವನ ಉತ್ತರ ಬಂತು: ಡಾಕ್ಟರ್ ನೋಡಿದರು, ಬನ್ನಿ. ಅಷ್ಟೆ. ಡಾಕ್ಟರ್ ಏನಂದರು ಎಂದು ಖಾಸೀಂಬಿ ಕೇಳಿದರು. ಇದ್ದಷ್ಟನ್ನೇ ಓದಿ ಹೇಳಿದೆ. ಕಾಲುವೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು, ಗೋವಿನಜೋಳದ ಹೊಲಗಳು ಹಸಿರಾಗಿದ್ದವು. ಬೇರೆ ದಿನವಾಗಿದ್ದರೆ ಕಣ್ಣು ತುಂಬ ನೋಡುತ್ತಿದ್ದೆ. ಬಸ್ಸು ಪ್ರತಿ ಹಳ್ಳಿಯಲ್ಲೂ ನಿಂತಿತು. ಪ್ರತಿ ಹಳ್ಳಿಯಲ್ಲೂ ನಾವಿಬ್ಬರೂ ಒಟ್ಟಿಗೇ ಗಡಿಯಾರ ನೋಡಿದೆವು.

ಐದು ಗಂಟೆಗೆ ಆಸ್ಪತ್ರೆ ಸೇರಿದೆವು. ನಸ್ರೀನ್ ಎಡಕ್ಕೆ ಮಗ್ಗುಲಾಗಿ ಮಲಗಿದ್ದಳು, ಕೈಗೆ ಸಲಾಯಿನ್ ಹಚ್ಚಿದ್ದರು. ನಮ್ಮಿಬ್ಬರನ್ನು ಒಟ್ಟಿಗೆ ಕಂಡು ತನಗೆ ಬಹಳ ಕೆಟ್ಟದ್ದೇನೋ ಆಗಿದೆ ಎಂದುಕೊಂಡಳು. ಅವಳ ಮುಖ ನೋಡಿದರೆ ಅದು ತಿಳಿಯುತ್ತಿತ್ತು. ಖಾಸೀಂಬಿ ಮಗಳ ಹಣೆ ಮುಟ್ಟಿ, ನರ್ಸಿನ ಕಡೆ ತಿರುಗಿ ತೋಳು ಮೇಲೆ ಮಾಡಿದರು.

"ಮೊದ್ಲ ನನ್ನ ರಕ್ತ ತಗೋರಿ."

ರಕ್ತ ಕೊಟ್ಟ ಮೇಲೆ ಮಂಚದ ತುದಿಗೆ ಕೂತು ಮಗಳಿಗೆ ಎಲ್ಲವನ್ನೂ ಹೇಳಿದರು. ಅಷ್ಟು ದೊಡ್ಡ ಆಪರೇಶನ್ ಒಬ್ಬಳೇ ಮಾಡಿಸಿಕೊಂಡೆಯಾ ಎಂದು ನಸ್ರೀನ್ ಕೇಳಿದಳು. ಮುಚ್ಚಿಟ್ಟದ್ದರ ಬಗ್ಗೆ ಏನೂ ಕೇಳಲಿಲ್ಲ. ನಾನು ಹೊರಗೆ ಬಂದು ಬೆಂಚಿನ ಮೇಲೆ ಕೂತೆ.

ಮರುದಿನ ಹನ್ನೊಂದು ಗಂಟೆಗೆ ಡಾಕ್ಟರಮ್ಮ ನಾಲ್ವರನ್ನೂ ಒಟ್ಟಿಗೆ ಕೂರಿಸಿಕೊಂಡರು. ವಿಜಯಪುರದವರು ಮಗಳ ರಕ್ತದ ಜೊತೆ, ಸಂಜೆಯೇ ತುರ್ತಾಗಿ ಕಳಿಸಿದ್ದ ತಾಯಿಯದನ್ನೂ ಸೂಕ್ಷ್ಮದರ್ಶಕದ ಕೆಳಗೆ ಕಣ್ಣಿಂದ ನೋಡಿ ವರದಿ ಕಳಿಸಿದ್ದರು. ತಾಯಿ ಮಗಳಿಬ್ಬರ ಪ್ಲೇಟ್‌ಲೆಟ್‌ಗಳೂ ಹುಟ್ಟಿನಿಂದಲೇ ದೊಡ್ಡವು. ಎಣಿಸುವ ಯಂತ್ರ ಸಣ್ಣವನ್ನಷ್ಟೇ ಗುರುತಿಸುತ್ತದೆ, ದೊಡ್ಡವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಿಜವಾದ ಎಣಿಕೆ ಸ್ವಲ್ಪ ಕಡಿಮೆ ಇದೆ, ಆದರೆ ಹೆದರುವಷ್ಟಲ್ಲ. ಲಿವರ್, ಮೂತ್ರದ ಪರೀಕ್ಷೆ ಸರಿಯಿವೆ. ಬಿಪಿಗೆ ಗುಳಿಗೆ ಕೊಟ್ಟು ವಾರಕ್ಕೊಮ್ಮೆ ನೋಡುತ್ತೇವೆ. ಮಗುವನ್ನು ಈಗ ತೆಗೆಯುವ ಕಾರಣವಿಲ್ಲ. ತಾಯಿಯ ಹಳೆಯ ಕಾಗದ ಕೈಗೆ ಸಿಗದಿದ್ದರೆ ನಾವು ನಿನ್ನೆಯೇ ತೀಕ್ಷ್ಣವಾದ ಔಷಧಿ ಶುರು ಮಾಡುತ್ತಿದ್ದೆವು ಎಂದರು. ಹೆರಿಗೆ ಮಾತ್ರ ರಕ್ತದ ಸೌಲಭ್ಯವಿರುವ ವಿಜಯಪುರದ ಆಸ್ಪತ್ರೆಯಲ್ಲೇ ಆಗಬೇಕು.

ಸಿಂದಗಿಯೂ ಇಲ್ಲ, ಬಾಗೇವಾಡಿಯೂ ಇಲ್ಲ. ಖಾಸೀಂಬಿ ನನ್ನ ಮುಖ ನೋಡಿದರು, ನಾನು ಅವರದನ್ನು ನೋಡಿದೆ. ಆಗ ಹಂಗಾದ್ರ ಇಬ್ಬರೂ ಹೋಗೂಣ್ರಿ ಎಂದವರು ಅವರೇ.

ಮೂರನೆಯ ದಿನ ಬೆಳಿಗ್ಗೆ ನಾನು ಊರಿಗೆ ಹೊರಟೆ. ಅವರು ಮಗಳ ಹತ್ತಿರ ಉಳಿದರು, ನನ್ನನ್ನು ಕಳಿಸಲು ನಿಲ್ದಾಣದವರೆಗೆ ಬಂದರು. ಬಸ್ಸು ಹಿಂದೆ ಸರಿದು ತಿರುಗುವಾಗ ಕಿಟಕಿಯಿಂದ ನೋಡಿದೆ. ಅವರು ಕಟ್ಟೆಯ ಮೇಲೆ, ಕೂಸನ್ನು ಮಡಿಲಲ್ಲಿಟ್ಟುಕೊಂಡಿದ್ದ ಯಾವಳೋ ಗುರುತಿಲ್ಲದ ಹೆಣ್ಣುಮಗಳ ಪಕ್ಕ ಕೂತಿದ್ದರು. ಮೇಲೆ ಮಾಡಿದ ತೋಳಿನಲ್ಲಿ ಸೂಜಿ ಚುಚ್ಚಿದ ಜಾಗ ತೋರಿಸುತ್ತ, ನನ್ನ ರಕ್ತಾನೂ ಮಗಳದರಂಗ ಐತಿ ನೋಡವ್ವ ಎಂದು ಅವಳಿಗೆ ಹೇಳುತ್ತಿದ್ದರು. ಐದು ವರ್ಷ ಮುಚ್ಚಿಟ್ಟಿದ್ದ ಆ ಮಾತು ಬಸ್ಸಿನ ಸದ್ದಿನಲ್ಲೂ ನನಗೆ ಕೇಳುವಷ್ಟು ಗಟ್ಟಿಯಾಗಿತ್ತು.