ಕಾಕುವಿನ ಹೆಬ್ಬೆರಳ ಉಗುರು

ಅವರ ಬಲಗೈ ಹೆಬ್ಬೆರಳ ಉಗುರು ಇಡಿಯಾಗಿದ್ದುದನ್ನು ನಾನು ಎಂದೂ ನೋಡಲಿಲ್ಲ. ಉಳಿದ ಉಗುರುಗಳನ್ನೆಲ್ಲ ಒಪ್ಪವಾಗಿ ಕತ್ತರಿಸಿಕೊಂಡು ಅದೊಂದನ್ನು ಮಾತ್ರ ಬೆಳೆಯಲು ಬಿಡುತ್ತಿದ್ದರು. ಬೆಳೆದರೂ ಅದು ಹೆಚ್ಚು ದಿನ ಬಾಳುತ್ತಿರಲಿಲ್ಲ. ನಮ್ಮ ಕಾಲನಿಯಲ್ಲಿ ಎಲ್ಲೇ ಹೊಸ ಸಿಮೆಂಟು ಒಣಗಲಿ, ಕಾಕು ಅಲ್ಲಿಗೆ ಹೋಗಿ, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಕುಕ್ಕರುಗಾಲಲ್ಲಿ ಕೂತು ಆ ಉಗುರಿನಿಂದ ಕೆರೆಯುತ್ತಿದ್ದರು. ಕೆಲಸ ಗಟ್ಟಿಯಾಗಿದ್ದರೆ ಉಗುರು ಮುರಿಯುತ್ತಿತ್ತು. ಕಳಪೆಯಾಗಿದ್ದರೆ ಉಗುರಿನ ಸಂದಿಯಲ್ಲಿ ಬೂದು ಪುಡಿ ತುಂಬುತ್ತಿತ್ತು. ಉಗುರು ಮುರಿದ ದಿನ ಅವರ ಮುಖದಲ್ಲಿ ಚೂರು ನಿರಾಸೆ ಕಾಣುತ್ತಿತ್ತು ಎಂಬ ಗುಮಾನಿ ನನಗೆ ಇಂದಿಗೂ ಇದೆ.

ಸನತ್‌ನಗರದ ಕಾರ್ಖಾನೆಗಳ ಹಿಂದಿನ ಕಾಲನಿಯಲ್ಲಿ ಅವರದು ಎರಡಂತಸ್ತಿನ ಮನೆ. ಮೇಲೆ ಅವರು, ಕೆಳಗೆ ಬಾಡಿಗೆಗೆ ನಾವು. ಅವರ ಮಾವನ ಕಾಲದಲ್ಲೇ ಕಲಬುರಗಿ ಕಡೆಯಿಂದ ಸರಕಾರಿ ನೌಕರಿಗೆಂದು ಹೈದರಾಬಾದಿಗೆ ಬಂದು ಬೇರು ಬಿಟ್ಟ ಮನೆತನ. ಗಂಡ ತೀರಿಕೊಂಡಿದ್ದರು, ಮಗಳ ಸಂಸಾರ ಮಾದಾಪುರದಲ್ಲಿತ್ತು. ಮನೆಯೊಳಗೆ ಕನ್ನಡ, ಹೊರಗೆ ತೆಲುಗು, ಜಗಳಕ್ಕೆ ಹಿಂದಿ. ನಾವು ಕಾಕು ಎಂದು ಕರೆಯುವುದನ್ನು ಕೇಳಿ ಕೇಳಿ ಕಾಲನಿಯ ತೆಲುಗರೂ ಹಾಗೇ ಕರೆಯುತ್ತಿದ್ದರು. ಕಾಕು ಎಂದರೆ ಚಿಕ್ಕಮ್ಮ ಎಂದು ಅವರಿಗೆ ಗೊತ್ತಿರಲಿಲ್ಲ, ಅದೇ ಆಕೆಯ ಹೆಸರು ಅಂದುಕೊಂಡಿದ್ದರು.

ಅನುಮಾನ ಪಡುವುದು ಕಾಕುವಿಗೆ ಉಸಿರಾಡಿದಷ್ಟೇ ಸಲೀಸು. ಹಾಲಿನವನ ಎದುರಿಗೇ ಒಂದು ಹನಿ ಹಾಲನ್ನು ಕಟ್ಟೆಯ ಕಲ್ಲಿನ ಮೇಲೆ ಬಿಟ್ಟು, ಅದು ಜಾರುವ ಪರಿ ನೋಡಿ, ಆಮೇಲೆ ಪಾತ್ರೆ ಒಡ್ಡುತ್ತಿದ್ದರು. ಮಳೆ ಬರುತ್ತದೆ ಎಂದು ಟಿವಿಯಲ್ಲಿ ಹೇಳಿದರೆ ಮಾಳಿಗೆಗೆ ಹೋಗಿ ಆಕಾಶ ನೋಡಿ ಬರುತ್ತಿದ್ದರು. ಯಾರು ಏನೇ ಸುದ್ದಿ ತರಲಿ, ಅವರ ಪ್ರಶ್ನೆ ಒಂದೇ: "ಕೈ ಹಚ್ಚಿ ನೋಡಿದಿ?" ನಾನು ಕಾರ್ಖಾನೆಯೊಂದರ ಉಗ್ರಾಣ ನೋಡಿಕೊಳ್ಳುವವನು. ಅವರ ಮನೆಗೆ ಬಂದ ಮೇಲೆ ಪೆಟ್ಟಿಗೆಯ ಮೇಲಿನ ಚೀಟಿ ಓದಿ ಮಾಲು ಒಳಗೆ ಬಿಟ್ಟುಕೊಳ್ಳುವ ರೂಢಿ ನನಗೆ ತಪ್ಪಿತು. ಪೆಟ್ಟಿಗೆ ಬಿಚ್ಚಿಸಿ, ಕೈ ಹಾಕಿ ನೋಡತೊಡಗಿದೆ. ಲಾರಿಯವರು ಬೈದುಕೊಳ್ಳುತ್ತಿದ್ದರು.

ಮನೆ ಕೇಳಲು ಹೋದ ದಿನ ನಮ್ಮದೂ ವಿಚಾರಣೆಯಾಯಿತು. ನೌಕರಿ ಎಲ್ಲಿ, ಮನೆಯಲ್ಲಿ ಎಷ್ಟು ಜನ, ಹಿಂದಿನ ಮನೆ ಯಾಕೆ ಬಿಟ್ಟಿರಿ ಎಂದು ತೆಲುಗಿನಲ್ಲಿ ಕೇಳುತ್ತ ಹೋದರು. ಕೀಲಿಕೈ ಮಾತ್ರ ಸೆರಗಿನ ತುದಿಯಲ್ಲಿ ಗಂಟಾಗಿಯೇ ಇತ್ತು. ನನ್ನ ಹೆಂಡತಿ ಬೇಸತ್ತು ನನಗೆ ಮೆಲ್ಲಗೆ, "ನಡೀರಿ ಹೋಗೋಣು, ಇವರು ಕೊಡೂ ಹಂಗ ಕಾಣಂಗಿಲ್ಲ" ಅಂದಳು. ಕಾಕುವಿನ ಕಿವಿ ನಿಮಿರಿತು.

"ಯಾವೂರವರು ನೀವು?"

"ಗದಗರಿ."

"ಗದಗ ಅಂದ್ರ ಗದಗೋ, ಬೆಟಗೇರ್ಯೋ?"

"ಬೆಟಗೇರಿರಿ."

"ಮೊದ್ಲ ಹೇಳಬಾರದನವಾ? ನಮ್ಮವರ ಅದೀರಿ!" ಎಂದು ಗಂಟು ಬಿಚ್ಚಿ ಕೀಲಿಕೈ ಕೊಟ್ಟೇಬಿಟ್ಟರು. ಬೆಟಗೇರಿಗೂ ಕಲಬುರಗಿಗೂ ಎಷ್ಟು ದೂರ ಎಂದು ನಾನು ಕೇಳಲು ಹೋಗಲಿಲ್ಲ. ಎಲ್ಲ ಕಡೆ ಬಿಗಿಯಾಗಿದ್ದ ಆ ಹೆಂಗಸಿನಲ್ಲಿ ಅದೊಂದೇ ಸಡಿಲ ಜಾಗ. ನಮಗೆ ಅದರಿಂದ ಮನೆ ಸಿಕ್ಕಿತು, ಹಾಗಾಗಿ ಒಳ್ಳೆಯದೇ ಅನ್ನಿಸಿತ್ತು.

ಅವರು ವಾರ್ಡ್ ಸಮಿತಿಗೆ ಸೇರಿದ್ದು ಕೂಡ ಅನುಮಾನದಿಂದಲೇ. ನಮ್ಮ ಕಡೆ ಯಾವ ರಸ್ತೆ, ಚರಂಡಿ, ದೀಪದ ಕಂಬ ಆಗಬೇಕೆಂದರೂ ನಗರದ ಕಾಮಗಾರಿ ಮಂಡಳಿ ಮಂಜೂರು ಮಾಡಬೇಕು. ಕೆಲಸ ಮುಗಿದ ಮೇಲೆ ಸಮಿತಿಯಲ್ಲಿರುವ ಸ್ಥಳೀಯರೊಬ್ಬರು ನೋಡಿ, ತೃಪ್ತಿಕರ ಎಂದು ಸಹಿ ಹಾಕಬೇಕು. ಆ ಸಹಿ ಬಿದ್ದರೆ ಮಂಡಳಿಯ ಮಟ್ಟಿಗೆ ಕೆಲಸ ಮುಗಿದಂತೆ. ಇದಕ್ಕೆ ಜನ ಬೇಕು ಎಂದಾಗ ಕಾಲನಿಯಲ್ಲಿ ಯಾರೂ ಮುಂದೆ ಬರಲಿಲ್ಲ. "ತಾವಾಗೇ ಹೋಗವ್ರು ಯಾಕ ಹೋಗತಾರ ಅಂತ ನಂಗ ಸಂಶೆ. ಅದಕ್ಕ ನಾನ ಹೋಗತೀನಿ" ಎಂದು ಕಾಕು ಹೊರಟರು. ಸಭೆಯಲ್ಲಿ ಕೊಡುವ ಚಹಾ ಕುಡಿಯುತ್ತಿರಲಿಲ್ಲ. ಬಿಸ್ಕೀಟು ಮುಟ್ಟುತ್ತಿರಲಿಲ್ಲ. ಮನೆಯಿಂದ ಬಾಟಲಿಯಲ್ಲಿ ನೀರು ಒಯ್ಯುತ್ತಿದ್ದರು.

ರಸ್ತೆಯ ಕೆಲಸವಾದರೆ ಉಗುರಿನ ಜೊತೆಗೆ ಒಂದು ಕೊಡ ನೀರೂ ಹೋಗುತ್ತಿತ್ತು. ಉದ್ಯಾನದ ಮುಂದಿನ ರಸ್ತೆ ಮುಗಿದಾಗ ಅಲ್ಲಿಯ ನಿವೃತ್ತ ಅಧಿಕಾರಿಯೊಬ್ಬರು ಇಂಥ ರಸ್ತೆ ನಗರದಲ್ಲೇ ಇಲ್ಲ ಎಂದು ಹೊಗಳುತ್ತ ನಿಂತಿದ್ದರು. ಕಾಕು ಕೊಡ ಬಗ್ಗಿಸಿದರು. ನೀರು ಅತ್ತಿತ್ತ ನೋಡದೆ ನೇರ ಆ ಅಧಿಕಾರಿಯ ಗೇಟಿನೊಳಗೇ ಹೋಯಿತು. ಹೊಗಳಿಕೆ ಅಲ್ಲಿಗೆ ನಿಂತಿತು. ರಸ್ತೆಯನ್ನು ಮತ್ತೊಮ್ಮೆ ಮಾಡಿದರು.

ಎಲ್ಲ ಸಲ ಅವರ ಗುರಿ ತಾಗುತ್ತಿತ್ತು ಎಂದಲ್ಲ. ದೀಪದ ಕಂಬಗಳು ಹಳೆಯವಕ್ಕೆ ಬಣ್ಣ ಹೊಡೆದು ತಂದದ್ದು ಎಂದು ಹಟ ಹಿಡಿದು ಸಹಿ ತಡೆದರು. ಕಾಲನಿ ಕತ್ತಲೆಯಲ್ಲಿ ಕೂತು ಅವರನ್ನು ಶಪಿಸಿತು. ಕೊನೆಗೆ ನೋಡಿದರೆ ಕಂಬಗಳು ಹೊಸವೇ. ಕಾಕುವಿಗೆ ಒಂದಿಷ್ಟೂ ನಾಚಿಕೆಯಾಗಲಿಲ್ಲ. "ಈಗ ಸಂಶೆ ಹೋತು ನೋಡು ತಮ್ಮಾ, ಬೆಳಕು ಎಷ್ಟ್ ಚಂದ ಕಾಣತೈತಿ" ಅಂದರು.

ನಮ್ಮ ಮನೆಯ ಹಿಂದೆ ದೊಡ್ಡ ಮೋರಿ ಹರಿಯುತ್ತದೆ. ಅದರಾಚೆ ತಗಡಿನ ಶೆಡ್ಡುಗಳು. ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು ಅಲ್ಲಿದ್ದಾರೆ. ಅವರು ದುಡಿಮೆಗೆ ಹೋಗಬೇಕಾದರೂ ಮಕ್ಕಳು ಶಾಲೆಗೆ ಹೋಗಬೇಕಾದರೂ ಮೋರಿ ದಾಟಬೇಕು. ವರ್ಷಗಟ್ಟಲೆ ಅರ್ಜಿ ಕೊಟ್ಟ ಮೇಲೆ ಮಂಡಳಿ ಮೋರಿಗೆ ಗೋಡೆ ಕಟ್ಟಿ, ಮೇಲೆ ಸ್ಲ್ಯಾಬ್ ಮುಚ್ಚುವ ಕೆಲಸ ಮಂಜೂರು ಮಾಡಿತು. ಹೊಸ ಗುತ್ತಿಗೆದಾರನೊಬ್ಬ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೆದು ಮಾತು. ಬಂದ ದಿನವೇ ನಮ್ಮ ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು, ಮೇಲೆ ನೋಡಿ ಕರೆದ:

"ಅವ್ವಾರ, ಅದೀರೇನ್ರಿ? ನಾವೂ ನಿಮ್ಮ ಕಡೇದವರ ಅದೀವ್ರಿ. ಶಹಾಪುರ."

ಶಹಾಪುರ ಎಂದರೆ ಅದೋ ಇದೋ ಎಂದು ಕಾಕು ಕೇಳಲಿಲ್ಲ. ಮಜ್ಜಿಗೆ ಬಂತು. ಮರುದಿನ ಜೋಳದ ರೊಟ್ಟಿ, ಎಣ್ಣೆಗಾಯಿ ಬಂತು. ಆತ ಕೂತು ಊರ ಕಡೆಯ ಮಾತಾಡುತ್ತಿದ್ದ. ಕಾಕು ಕೆನ್ನೆಗೆ ಕೈಯಿಟ್ಟು ಕೇಳುತ್ತಿದ್ದರು. ನನಗೆ ಆತನ ಕನ್ನಡ ಸರಿಯಾಗಿಯೇ ಕೇಳುತ್ತಿತ್ತು. ಅಷ್ಟು ಸರಿಯಾಗಿ ಯಾಕೆ ಮಾತಾಡುತ್ತಾನೆ ಎಂದು ಒಳಗೊಳಗೇ ಕಸಿವಿಸಿ. ಕೆಲಸ ಮುಗಿದ ದಿನ ಕಾಕು ಮೋರಿಯ ಬಳಿ ಹೋದರು, ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು, ನೋಡಿದರು, ಬಂದರು. ಕಟ್ಟೆಯ ಮೇಲೆ ಕೂತು ಸಹಿ ಹಾಕಿದರು. ಆ ದಿನ ಅವರ ಉಗುರು ಉದ್ದವಾಗಿ, ಚೊಕ್ಕವಾಗಿ ಇತ್ತು.

"ಕಾಕು, ಕೈ ಹಚ್ಚಿ ನೋಡಿದ್ರೇನ್ರಿ?" ಎಂದು ನಾನೇ ಕೇಳಿದೆ.

"ನಮ್ಮ ಹುಡುಗ ಅದಾನೋ ತಮ್ಮಾ. ಅವಂದೂ ನೋಡಬೇಕ?" ಅಂದರು.

ಮೊದಲ ದೊಡ್ಡ ಮಳೆ ಹೊಯ್ದು ನಿಂತ ಬೆಳಿಗ್ಗೆ ಹಿಂದಿನಿಂದ ಚೀರಾಟ ಕೇಳಿತು. "ಯವ್ವಾ, ಸತ್ತೆ! ಕಾಲು, ಯವ್ವಾ, ಕಾಲು!" ಬುಟ್ಟಿ ಹೊತ್ತು ಕೆಲಸಕ್ಕೆ ಹೊರಟಿದ್ದ ಶೆಡ್ಡಿನ ಹೆಂಗಸೊಬ್ಬಳು ಸ್ಲ್ಯಾಬಿನ ಮೇಲೆ ಕಾಲಿಟ್ಟಿದ್ದಳು, ಸ್ಲ್ಯಾಬ್ ಕುಸಿದು ತೊಡೆಯವರೆಗೆ ಒಳಗೆ ಹೋಗಿದ್ದಳು. ನಾವು ನಾಲ್ಕಾರು ಜನ ಓಡಿಹೋಗಿ ಎಳೆದು ತೆಗೆದೆವು. ಮೊಣಕಾಲ ಕೆಳಗೆ ಮೂಳೆ ಮುರಿದಿತ್ತು. ತಲೆ ಎತ್ತಿ ನೋಡಿದರೆ ಮಾಳಿಗೆಯ ಮೇಲೆ ಕಾಕು ನಿಂತಿದ್ದರು.

ಅವರು ಇಳಿದು ಬಂದರು. ಆ ಹೆಂಗಸಿನ ತಲೆ ತೊಡೆಯ ಮೇಲೆ ಇಟ್ಟುಕೊಂಡು, "ಯಾವೂರು ನಿಂದು?" ಎಂದು ಕೇಳಿದರು.

"ಶಹಾಪುರರಿ" ಅಂದಳು ಅವಳು ನರಳುತ್ತ.

"ಎಷ್ಟ್ ದಿನಾ ಆತು ಇಲ್ಲಿಗೆ ಬಂದು?"

"ನನ್ನ ಮಗಾ ಇಲ್ಲೇ ಹುಟ್ಟ್ಯಾನ್ರಿ. ಸಾಲಿಗೆ ಹೊಂಟಾನ."

ಇಷ್ಟು ವರ್ಷ ಮೋರಿಯ ಆಚೆ ದಂಡೆಯಲ್ಲಿ ಅದೇ ಕನ್ನಡ ನಡೆದಿತ್ತು. ಕಾಕು ಒಮ್ಮೆಯೂ ದಾಟಿ ಹೋಗಿ ಕೇಳಿರಲಿಲ್ಲ. ಅವಳನ್ನು ಆಸ್ಪತ್ರೆಗೆ ಕಳಿಸಿದ ಮೇಲೆ ಒಡೆದ ಸ್ಲ್ಯಾಬಿನ ಅಂಚಿನಲ್ಲಿ ಕೂತು ಉಗುರಿನಿಂದ ಕೆರೆದರು. ಜೋಳದ ಹಿಟ್ಟಿನಂತೆ ಉದುರಿತು. ಕೆರೆಯುತ್ತಲೇ ಇದ್ದರು. ನಾನು ಭುಜ ಹಿಡಿದು ಎಬ್ಬಿಸಬೇಕಾಯಿತು.

ಗುತ್ತಿಗೆದಾರನ ಫೋನು ಹತ್ತಲಿಲ್ಲ. ಇಂಜಿನಿಯರು ಬಂದು ಭಾರದ ಲಾರಿ ಹಾದುಹೋಗಿರಬೇಕು ಅಂದ. ಒಡೆದ ಒಂದನ್ನು ಬದಲಿಸಿಕೊಡುತ್ತೇವೆ, ಉಳಿದದ್ದಕ್ಕೆ ತಮ್ಮದೇ ಸಹಿ ಇದೆಯಲ್ಲ ಅಮ್ಮಾ ಎಂದು ತೆಲುಗಿನಲ್ಲಿ ನಯವಾಗಿ ಹೇಳಿ ಹೋದ. ಸಂಜೆ ಕಾಲನಿಯ ಹಿರಿಯರು ಬಂದು ಕೂತರು. ಗಲಾಟೆ ಮಾಡಿದರೆ ನಮ್ಮ ಕಡೆಯ ಬಾಕಿ ಕೆಲಸಗಳನ್ನೆಲ್ಲ ಮಂಡಳಿ ತಡೆಯುತ್ತದೆ, ಮೇಲಾಗಿ ಕೆಸರು ನಿಮ್ಮ ಮುಖಕ್ಕೇ ಎಂದು ಬುದ್ಧಿ ಹೇಳಿದರು. ಕಾಕು ಒಬ್ಬೊಬ್ಬರ ಮುಖವನ್ನೂ ದಿಟ್ಟಿಸಿ ನೋಡಿದರು. ಅವರು ಹೋದ ಮೇಲೆ ನನಗೆ, "ಇವರೊಳಗ ಯಾರ್ಯಾರು ಅವನ ಕೂಡ ಚಾ ಕುಡದಾರೋ ಏನೋ. ಮಕ್ಕಳು ಅದರ ಮ್ಯಾಲೇ ಸಾಲಿಗೆ ಹೊಕ್ಕಾವ. ಪೂರ್ತಿ ತೆಗಸಬೇಕು" ಅಂದರು.

ಮಂಡಳಿ ಜನರ ಅಹವಾಲು ಕೇಳುವ ದಿನ ನಾನೇ ಅವರನ್ನು ಆಟೋದಲ್ಲಿ ಅಬಿಡ್ಸ್ ಕಡೆಯ ಕಚೇರಿಗೆ ಕರೆದುಕೊಂಡು ಹೋದೆ. ಉದ್ದನೆಯ ಮೇಜು, ಅದರ ಹಿಂದೆ ಸಾಲಾಗಿ ಅಧಿಕಾರಿಗಳು. ಕಾಕು ಕೂರಲಿಲ್ಲ. ಜಗಳದ ಭಾಷೆಯಲ್ಲೇ ಶುರು ಮಾಡಿದರು: "ಸಾಬ್, ಯೇ ದಸ್ತಖತ್ ಮೇರಾಚ್ ಹೈ. ಹಾಥ್ ಲಗಾಕೆ ದೇಖೇ ಬಗೈರ್ ಕರೀ." ಸಹಿ ನನ್ನದೇ, ಕೈ ಹಚ್ಚಿ ನೋಡದೆ ಮಾಡಿದ್ದು ಎಂದು ಅಷ್ಟು ಜನರೆದುರು ಹೇಳಿ ಸೆರಗಿನ ಗಂಟು ಬಿಚ್ಚಿದರು. ಅದರಲ್ಲಿ ಸ್ಲ್ಯಾಬಿನ ತುಂಡಿತ್ತು. ಅಧ್ಯಕ್ಷರ ಮುಂದೆ ಇಟ್ಟು, ಕೆರೆದು ನೋಡಿ ಅಂದರು. ಅಧ್ಯಕ್ಷರು ಒಳ್ಳೆಯ ಮಾತಿನವರು. ವಯಸ್ಸಾದವರು ನಂಬಿ ಮೋಸಹೋಗುವುದು ಸಹಜ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಅಂದರು. ಕಾಕುವಿಗೆ ಸಿಟ್ಟು ಬಂದದ್ದು ಆಗಲೇ. ನನಗೆ ಸಮಾಧಾನ ಬೇಡ, ಸ್ಲ್ಯಾಬ್ ತೆಗೆಸಿ, ನೀವು ಕೆರೆದು ನೋಡುವವರೆಗೆ ನಾನು ಇಲ್ಲೇ ನಿಂತಿರುತ್ತೇನೆ ಎಂದು ನಿಂತೇಬಿಟ್ಟರು. ಕೊನೆಗೆ ಅಧ್ಯಕ್ಷರು ಮುಜುಗರದಿಂದ ಆ ತುಂಡಿಗೆ ಉಗುರು ಹಚ್ಚಿದರು. ಮೇಜಿನ ಗಾಜಿನ ಮೇಲೆ ಬೂದು ಪುಡಿ ಬಿತ್ತು.

ಸ್ಲ್ಯಾಬ್ ಪೂರ್ತಿ ತೆಗೆಸಿ ಬೇರೆಯವರಿಂದ ಹಾಕಿಸಿದರು. ನಿರ್ಲಕ್ಷ್ಯದ ಸಹಿಗಾಗಿ ಕಾಕುವನ್ನು ಸಮಿತಿಯಿಂದ ತೆಗೆದರು. ಗುತ್ತಿಗೆದಾರ ಇನ್ನೊಂದು ಕಡೆ ಕೆಲಸ ಮಾಡುತ್ತಿದ್ದಾನೆ, ಅಲ್ಲಿ ಮರಾಠಿ ಮಾತಾಡುತ್ತಾನೆ ಎಂದು ಯಾರೋ ಹೇಳಿದರು. ನಾನು ಕೈ ಹಚ್ಚಿ ನೋಡಿಲ್ಲ.

ಅಬಿಡ್ಸ್‌ನಿಂದ ವಾಪಸು ಬರುವಾಗ ಆಟೋದಲ್ಲಿ ಕಾಕು ನನ್ನ ಕಡೆ ತಿರುಗಿದರು.

"ನಾ ಕನ್ನಡಕ್ಕ ಕರಗತೀನಿ ಅಂತ ಅವಗ ಯಾರೋ ಹೇಳ್ಯಾರ. ನೀ ಹೇಳಿದಿ?"

"ಇಲ್ರಿ ಕಾಕು. ದೇವರಾಣೆ."

ಅವರು ನನ್ನನ್ನು ಹಾಲಿನ ಹನಿಯನ್ನು ನೋಡುವಂತೆ ನೋಡಿದರು. "ಇರಲಿ" ಅಂದರು. ನಾನು ಹೇಳಿರಲಿಲ್ಲ. ಆದರೆ ಅವರ ಆ ಸಡಿಲ ಜಾಗ ಕಂಡವರಲ್ಲಿ ನಾನೂ ಒಬ್ಬ ಎಂದು ಅವರಿಗೆ ಗೊತ್ತಿತ್ತು.

ಆಮೇಲೆ ಅವರು ದಿನವೂ ಮೋರಿ ದಾಟತೊಡಗಿದರು. ಕಾಲು ಮುರಿದುಕೊಂಡವಳ ಶೆಡ್ಡಿನಲ್ಲಿ ಕೂತು ಅವಳ ಕಾಲಿಗೆ ಎಣ್ಣೆ ನೀವುತ್ತಿದ್ದರು. ಅವಳು ಕುಂಟುತ್ತ ಓಡಾಡುವಂತಾದ ಮೇಲೆ ಇಬ್ಬರೂ ನಮ್ಮ ಕಟ್ಟೆಯ ಮೇಲೆ ಕೂತು ಮಾತಾಡುತ್ತಿದ್ದರು. ಸಮಿತಿಯಲ್ಲಿ ಖಾಲಿಯಾದ ಜಾಗಕ್ಕೆ ನೀನೇ ಹೋಗು ಎಂದು ನನ್ನನ್ನು ಹೊರಡಿಸಿದವರೂ ಕಾಕುವೇ.

"ಹಂಗಾರ ನನ್ನ ಮ್ಯಾಲಿನ ಸಂಶೆ ಹೋತೇನ್ರಿ?" ಎಂದು ಆಸೆಯಿಂದ ಕೇಳಿದೆ.

"ಯಾಕ ಹೋಗಬೇಕು? ಇದ್ರ ನೀ ನೆಟ್ಟಗ ಕೆಲಸಾ ಮಾಡತಿ" ಅಂದರು. ನಕ್ಕರೋ ಇಲ್ಲವೋ ತಿಳಿಯಲಿಲ್ಲ.

ಅವರು ಹೋದ ಸುದ್ದಿ ನನಗೆ ಉಗ್ರಾಣದಲ್ಲಿದ್ದಾಗ ಫೋನಿನಲ್ಲಿ ಬಂತು. ಮಧ್ಯಾಹ್ನ ಊಟಕ್ಕೆ ಕೂತವರು ಹಾಗೇ ಗೋಡೆಗೆ ಒರಗಿದರಂತೆ. ನಾನು ನಂಬಲಿಲ್ಲ. ಮನೆಗೆ ಬಂದರೆ ಅವರ ಮಗಳು ಅಳುತ್ತಿದ್ದಳು, ಕುಂಟುವ ಹೆಂಗಸು ಕಾಲ ಬಳಿ ಕೂತಿದ್ದಳು, ಅಂಗಳದಲ್ಲಿ ಜನ. ಆಗಲೂ ನಂಬಲಿಲ್ಲ. ಹತ್ತಿರ ಕೂತು ಅವರ ಬಲಗೈ ಹಿಡಿದೆ. ತಣ್ಣಗಿತ್ತು. ಆಮೇಲೆ ಅತ್ತುಬಿಟ್ಟೆ.

ಹೆಬ್ಬೆರಳ ಉಗುರಿನ ಸಂದಿಯಲ್ಲಿ ಬೂದು ಪುಡಿ ಇತ್ತು. "ಮುಂಜಾನೆ ಸಾಲಿ ಕಡೆ ಹೋಗಿ ಬಂದ್ರರಿ ಅಣ್ಣಾರ, ಹೊಸಾ ಪಾವಟಿಗಿ ನೋಡಾಕ" ಅಂದಳು ಆ ಹೆಂಗಸು. ಶಾಲೆಯ ಮುಂದೆ ಮಂಡಳಿ ಕಟ್ಟಿಸಿದ ಮೆಟ್ಟಿಲುಗಳವು. ಅದಕ್ಕೆ ಆ ವಾರ ನಾನು ಸಹಿ ಹಾಕಬೇಕಿತ್ತು. ನನ್ನನ್ನು ನಂಬದೆ ಅವರು ಮೊದಲೇ ಹೋಗಿ ನೋಡಿ ಬಂದಿದ್ದರು.

ಮಾರನೆಯ ದಿನ ಶಾಲೆಯ ಬಳಿ ಹೋದೆ. ಕೆಳಗಿನ ಮೆಟ್ಟಿಲ ಮೇಲೆ ಅವರು ಕೆರೆದ ಗುರುತು ಹಾಗೇ ಇತ್ತು. ಕೆಲಸ ಕಳಪೆ ಎಂದು ತಿಳಿಯಲು ಅದನ್ನು ನೋಡಿದರೆ ಸಾಕಿತ್ತು. ಆದರೆ ಅವರನ್ನಾದರೂ ಸರಿ, ಕೈ ಹಚ್ಚಿ ನೋಡದೆ ನಂಬಿದೆ ಎಂದು ತಿಳಿದಿದ್ದರೆ ಕಾಕು ನನ್ನನ್ನು ಬೈಯುತ್ತಿದ್ದರು. ಕುಕ್ಕರುಗಾಲಲ್ಲಿ ಕೂತು, ಅವರ ಗುರುತಿನ ಪಕ್ಕದಲ್ಲಿ ನನ್ನ ಹೆಬ್ಬೆರಳ ಉಗುರಿನಿಂದ ಕೆರೆದೆ. ಪುಡಿ ಉದುರಿತು. ಸಹಿ ಹಾಕದೆ ಎದ್ದು ಬಂದೆ.