ಪಂಚಮಿಯ ದಿನ ಹೆಂಚಿಟ್ಟದ್ದು

ಮಕ್ಕಳೇ, ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುತ್ತಿದ್ದವಳು ಅಜ್ಜಿ. ನಾಗರಪಂಚಮಿಯ ಆ ಬೆಳಿಗ್ಗೆಯೂ ಹಾಗೇ. ಹರಪನಹಳ್ಳಿಯ ನಮ್ಮ ಓಣಿಗೆ ಇನ್ನೂ ನಲ್ಲಿ ನೀರು ಬಿಟ್ಟಿರಲಿಲ್ಲ. ಅಜ್ಜಿ ಆಗಲೇ ಅಂಗಳ ಗುಡಿಸಿ, ಸಗಣಿ ನೀರು ಚಿಮುಕಿಸಿ, ರಂಗೋಲಿಯಲ್ಲಿ ಎರಡು ಹಾವುಗಳನ್ನು ಜಡೆಯ ಹಾಗೆ ಹೆಣೆದು ಮುಗಿಸಿದ್ದಳು. ಅಪ್ಪ ಪಡಸಾಲೆಯಲ್ಲಿ ಕೂತು ವಿಭೂತಿ ಹಚ್ಚಿಕೊಳ್ಳುತ್ತಿದ್ದ. ಅವ್ವ ಬಚ್ಚಲಿನ ಹಂಡೆಯ ಒಲೆಗೆ ಮೆಕ್ಕೆಜೋಳದ ಬೆಂಡು ತುರುಕುತ್ತಿದ್ದಳು. ಕಾನ್ವೆಂಟಿಗೆ ರಜೆ. ನಾನು ಹಲ್ಲುಪುಡಿಯನ್ನು ಅಂಗೈಯಲ್ಲಿ ಹಿಡಿದು, ಹಿಂದಿನ ಸಂಜೆ ಜೋಕಾಲಿ ಆಡಿದ ಬೇವಿನ ಮರವನ್ನೇ ನೋಡುತ್ತಾ ನಿಂತಿದ್ದೆ.

“ಎಳ್ಳು ಹುರಿದಿಟ್ಟಿಯಲ್ಲವ್ವಾ? ನಾನು ಜಳಕ ಮಾಡಿ ಬರ್ತೀನಿ, ತಂಬಿಟ್ಟಿಗೆ ಬೇಕು, ತೆಗೆದಿಡು,” ಎಂದು ನನಗೆ ಹೇಳಿ ಅಜ್ಜಿ ಬಚ್ಚಲಿಗೆ ನಡೆದಳು.

ಹಲ್ಲುಜ್ಜುತ್ತಿದ್ದ ಬೆರಳು ಅಲ್ಲೇ ನಿಂತಿತು. ಹಿಂದಿನ ದಿನ ಅಜ್ಜಿ ಒಂದು ಬಟ್ಟಲು ಎಳ್ಳು ಕೊಟ್ಟು, “ಇದನ್ನ ಇವತ್ತ ಹುರಿದಿಡು, ನಾಳೆ ಹೆಂಚಿಡಂಗಿಲ್ಲ,” ಎಂದಿದ್ದಳು. ಜೋಕಾಲಿಯ ಹಗ್ಗ ಕಂಡದ್ದೇ ನಾನು ಬಟ್ಟಲನ್ನು ಕಿಟಕಿಯಲ್ಲಿಟ್ಟು ಓಡಿದ್ದೆ. ಎಳ್ಳು ಇನ್ನೂ ಅಲ್ಲೇ ಇತ್ತು, ಹಸಿಯಾಗಿ.

ಪಂಚಮಿಯ ದಿನ ನಮ್ಮ ಕಡೆ ರೊಟ್ಟಿ ಸುಡುವುದಿಲ್ಲ, ಕರಿಯುವುದಿಲ್ಲ, ಒಗ್ಗರಣೆ ಹಾಕುವುದಿಲ್ಲ. ಎಲ್ಲವೂ ನೀರಲ್ಲಿ ಬೇಯಬೇಕು. ರೊಟ್ಟಿ ಸುಡುವ ಕಬ್ಬಿಣದ ಹೆಂಚನ್ನು ಅಜ್ಜಿ ಹಿಂದಿನ ರಾತ್ರಿಯೇ ತೊಳೆದು, ಹಿಟ್ಟಿನ ಡಬ್ಬಿಗಳ ಹಿಂದೆ ಬೋರಲು ಹಾಕಿ, ಮೇಲೊಂದು ಗೋಣಿ ತುಂಡು ಹೊದಿಸಿದ್ದಳು. ಇದೆಲ್ಲ ನನಗೆ ಗೊತ್ತಿತ್ತು. ಆದರೆ ಅಜ್ಜಿ ಹೇಳಿದ್ದು ಒಲೆಯ ಮೇಲೆ ಇಡಬಾರದೆಂದು, ಗ್ಯಾಸಿನ ಮೇಲೆ ಇಟ್ಟರೆ ನಡೆದೀತೇನೋ ಎಂದು ನನ್ನ ತಲೆ ಲೆಕ್ಕ ಹಾಕಿತು. ನಮ್ಮ ಮನೆಗೆ ಗ್ಯಾಸು ಬಂದು ಎರಡೇ ವರ್ಷವಾಗಿತ್ತು. ಅದರ ಬಗ್ಗೆ ನಾಗಪ್ಪನಿಗೆ ಏನು ಗೊತ್ತು?

ಬಚ್ಚಲಿನಲ್ಲಿ ತಂಬಿಗೆಯ ಸದ್ದು ಕೇಳುತ್ತಲೇ ಹೆಂಚು ಎಳೆದು ಗ್ಯಾಸಿನ ಮೇಲಿಟ್ಟೆ. ಎಳ್ಳು ಸುರಿದೆ. ಚಟಪಟ ಎಂದು ಸಿಡಿದು ಕೆಲವು ನನ್ನ ಲಂಗದ ಮೇಲೆ ಬಿದ್ದವು. ಘಮ ಮನೆಯೆಲ್ಲ ಹರಡಿತು. ಟವೆಲ್ಲಿನಿಂದ ಬೀಸಿ ಬೀಸಿ ಅದನ್ನು ಕಿಟಕಿಯಾಚೆ ಓಡಿಸಿದೆ. ಎಳ್ಳನ್ನು ಬಟ್ಟಲಿಗೆ ಸುರಿದು ತಟ್ಟೆ ಮುಚ್ಚಿದೆ. ಬಿಸಿ ಹೆಂಚನ್ನು ಮತ್ತೆ ಡಬ್ಬಿಗಳ ಹಿಂದೆ ನೂಕಿದಾಗ ಗೋಣಿಯ ಅಂಚು ಸುಟ್ಟು ಕಂದು ಬಣ್ಣಕ್ಕೆ ತಿರುಗಿತು. ಆ ಅಂಚನ್ನು ಒಳಗೆ ಮಡಚಿಟ್ಟೆ.

ಅಜ್ಜಿ ಒದ್ದೆ ಕೂದಲು ಗಂಟು ಹಾಕಿಕೊಂಡು ಬಂದು ಕಟ್ಟಿಗೆ ಒಲೆಯ ಮುಂದೆ ಕೂತಳು. ನನ್ನ ಕೆಲಸ ಕಡುಬಿನ ಅಂಚು ಒತ್ತುವುದು. ಅವಳು ಗೋಧಿ ಹಿಟ್ಟಿನ ಪುಟ್ಟ ಹಾಳೆ ಲಟ್ಟಿಸಿ ಹೂರಣ ತುಂಬಿ ಕೊಡುತ್ತಿದ್ದಳು, ನಾನು ಬೆರಳ ತುದಿಯಿಂದ ಮಡಿಕೆ ಮಡಿಕೆಯಾಗಿ ಮುಚ್ಚುತ್ತಿದ್ದೆ. ಅವು ಕುದಿವ ನೀರಲ್ಲಿ ಮುಳುಗಿ, ಬೆಂದ ಮೇಲೆ ಒಂದೊಂದಾಗಿ ತೇಲಿ ಬರುತ್ತಿದ್ದವು. ಏಲಕ್ಕಿ, ಬೆಲ್ಲ, ಕಟ್ಟಿಗೆ ಹೊಗೆ ಮೂರೂ ಬೆರೆತ ಆ ವಾಸನೆ ಈಗಲೂ ಒಮ್ಮೊಮ್ಮೆ ನೆನಪಾಗುತ್ತದೆ. ಆಮೇಲೆ ತಂಬಿಟ್ಟು. ಹುರಿಗಡಲೆ ಹಿಟ್ಟಿಗೆ ಬೆಲ್ಲದ ನೀರು ಕಲಸಿ, ಎಳ್ಳಿಗೆ ಕೈ ಹಾಕಿದ ಅಜ್ಜಿ ತಟ್ಟನೆ ನಿಂತಳು.

“ಎಳ್ಳು ಬೆಚ್ಚಗದಾವಲ್ಲ?”

“ಹಂಡೆ ಒಲಿ ಹತ್ರ ಇಟ್ಟಿದ್ದೆ ಅಜ್ಜಿ.”

ಮಾತು ತಾನಾಗಿಯೇ ಬಾಯಿಂದ ಬಂದಿತ್ತು. ಅಜ್ಜಿ ನಂಬಿದಳು. ಉಂಡೆ ಕಟ್ಟುತ್ತಾ ನಾನೇ ಕೇಳಿದೆ, “ಇವತ್ತು ಹೆಂಚು ಯಾಕ ಇಡಬಾರದು?”

“ಹೆಂಚು ಅಂದ್ರ ನಾಗಪ್ಪನ ಹೆಡಿ ಇದ್ದಂಗವ್ವಾ. ಇವತ್ತ ಅದನ್ನ ಸುಟ್ರ ಅವನ ಹೆಡಿ ಸುಟ್ಟಂಗ. ಅಂವಾ ಸುಮ್ನ ಬಿಟ್ಟಾನೇನು? ಉಣ್ಣಾಕ ಇಡೋ ಕೈಗೇ ಬಾಯಿ ಹಾಕ್ತಾನ.”

ಅಜ್ಜಿ ಇದನ್ನು ಹೆದರಿಸಲೆಂದು ಹೇಳಲಿಲ್ಲ. ಉಪ್ಪು ಎಷ್ಟು ಹಾಕಬೇಕೆಂದು ಹೇಳುವ ದನಿಯಲ್ಲೇ ಹೇಳಿದಳು. ನನ್ನ ಕೈಯಲ್ಲಿನ ಉಂಡೆ ಒಡೆಯಿತು. ಪ್ರತಿ ವರ್ಷ ಹುತ್ತದ ಬಾಯಿಗೆ ತಂಬಿಟ್ಟು ಇಡುತ್ತಿದ್ದ ಕೈ ಅಜ್ಜಿಯದು. ಹಸಿರು ಗಾಜಿನ ಬಳೆಗಳ, ಹೆಬ್ಬೆರಳಿನ ಉಗುರು ಸೀಳಿದ್ದ ಕೈ. ರಾತ್ರಿ ನನಗೆ ನಿದ್ದೆ ಬರುವವರೆಗೂ ಬೆನ್ನು ತಟ್ಟುತ್ತಿದ್ದ ಕೈ.

ಹೇಳಿಬಿಡಬೇಕಿತ್ತು. ಅದನ್ನು ಬಿಟ್ಟು ಹೊಸ ಲಂಗ ತೊಟ್ಟು, ಹಾಲಿನ ತಂಬಿಗೆ ಹಿಡಿದು ಅಜ್ಜಿಯ ಹಿಂದೆ ಹೊರಟೆ. ಊರ ಹೊರಗಿನ ಮೆಕ್ಕೆಜೋಳದ ಹೊಲಗಳ ನಡುವೆ ಕಾಲುದಾರಿ. ಪೈರು ನನಗಿಂತ ಎತ್ತರ. ಗಾಳಿಗೆ ಗರಿಗಳು ಸರ್ ಎಂದರೆ ಸಾಕು, ನನ್ನ ಕಾಲು ನೆಲದಿಂದ ಮೇಲೇಳುತ್ತಿತ್ತು. ಕಾನ್ವೆಂಟಿನಲ್ಲಿ ಸಿಸ್ಟರ್ ಹಾವು ಹಾಲು ಕುಡಿಯುವುದಿಲ್ಲ ಎಂದು ಪಾಠ ಮಾಡಿದ್ದರು. ಕುಡಿಯದಿದ್ದರೇನು, ಕಚ್ಚುವುದಂತೂ ಕಚ್ಚುತ್ತದಲ್ಲ! ಶಾಲೆಯ ಇಂಗ್ಲಿಷ್ ಪ್ರಾರ್ಥನೆಯನ್ನು ಅರ್ಧ ಹೇಳಿ, ಅದು ನಾಗಪ್ಪನಿಗೆ ತಿಳಿಯದು ಎನಿಸಿ, ಓಂ ನಮಃ ಶಿವಾಯಕ್ಕೆ ಬದಲಾಯಿಸಿದೆ. ತಂಬಿಗೆಯ ಹಾಲು ತುಳುಕಿ ಪಾದಕ್ಕೆ ಬಿತ್ತು.

ಹುತ್ತ ಒಂದು ಬನ್ನಿ ಗಿಡದ ಬುಡದಲ್ಲಿತ್ತು, ಅಜ್ಜಿಯ ಸೊಂಟದಷ್ಟು ಎತ್ತರ. ಓಣಿಯ ಹೆಂಗಸರು ಆಗಲೇ ಅರಿಸಿನ ಕುಂಕುಮ ಏರಿಸಿ ಹಸಿ ನೂಲು ಸುತ್ತಿದ್ದರು. ಅಜ್ಜಿ ಕುಕ್ಕರಗಾಲಲ್ಲಿ ಕೂತು ಕೊಬ್ಬರಿ ಬಟ್ಟಲಲ್ಲಿ ಹಾಲು ತೆಗೆದುಕೊಂಡು ಎರೆಯತೊಡಗಿದಳು. “ದೇವರ ಪಾಲು. ಗುರುವಿನ ಪಾಲು. ಮಗನ ಪಾಲು. ಸೊಸಿ ಪಾಲು. ಮೊಮ್ಮಗಳ ಪಾಲು.” ತನ್ನ ಪಾಲನ್ನು ಮಾತ್ರ ಅವಳು ಹೇಳಲೇ ಇಲ್ಲ. ಅದನ್ನು ನಾನು ಗಮನಿಸಿದೆ. ಅಜ್ಜಿ ಬಟ್ಟಲು ಕೆಳಗಿಟ್ಟು, ತಂಬಿಟ್ಟಿನ ಉಂಡೆ ಹಿಡಿದ ಬಲಗೈಯನ್ನು ಹುತ್ತದ ಕಪ್ಪು ಬಾಯಿಯ ಹತ್ತಿರ ಒಯ್ದಳು.

“ಹಾಯ್!” ಎಂದು ಕೈ ಹಿಂದಕ್ಕೆ ಎಳೆದುಕೊಂಡಳು.

“ಅಜ್ಜೀ, ನಾನು ಹೆಂಚಿಟ್ಟೆ! ಗ್ಯಾಸಿನ ಮ್ಯಾಲೆ ಹೆಂಚಿಟ್ಟು ಎಳ್ಳು ಹುರಿದೆ! ನಿನ್ನ ಕಚ್ಚಿದ್ದು ನನ್ನಿಂದ!” ಎಂದು ಕೂಗಿ ಅವಳ ಬೆನ್ನಿಗೆ ಜೋತುಬಿದ್ದೆ. ತಂಬಿಗೆ ಎಲ್ಲಿ ಉರುಳಿತೋ ತಿಳಿಯದು.

ಅಜ್ಜಿ ಬೆರಳನ್ನು ಬೆಳಕಿಗೆ ಹಿಡಿದು ನೋಡಿದಳು. ಬೆರಳ ತುದಿಯಲ್ಲಿ ಒಂದು ಕೆಂಪು ಇರುವೆ ಇನ್ನೂ ಕಚ್ಚಿಕೊಂಡೇ ಇತ್ತು. “ಇರುವಿ ಲೇ, ಇರುವಿ!” ಎಂದು ಅದನ್ನು ಕಿತ್ತೊಗೆದಳು. ಹೆಂಗಸರು ಗೊಳ್ಳೆಂದು ನಕ್ಕರು. “ಕಾನ್ವೆಂಟ್ ಹುಡುಗಿ ನೋಡ್ರೇ, ನಾಗಪ್ಪಗ ಗ್ಯಾಸಿನ ಅಡಗಿ ತಂದಾಳ,” ಎಂದಳು ಒಬ್ಬಳು.

ಅಜ್ಜಿ ಮಾತ್ರ ನಗಲಿಲ್ಲ. ಅವಳ ಮುಖ ಬಿಳಿಚಿತ್ತು. ತಟ್ಟೆಯಲ್ಲಿದ್ದ ಉಂಡೆಗಳನ್ನು ಒಂದು ಸಲ, ನನ್ನನ್ನು ಒಂದು ಸಲ ನೋಡಿದಳು. ಅವಳೂ ಹೆದರಿದ್ದಾಳೆ ಎಂದು ಆಗ ತಿಳಿದು ನಾನು ಅವಳ ಸೆರಗು ಹಿಡಿದುಕೊಂಡೆ. ದೊಡ್ಡವರು ಹೆದರುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ.

“ಬಾ ಇಲ್ಲಿ,” ಎಂದಳು. ಉರುಳಿದ ತಂಬಿಗೆಯ ತಳದಲ್ಲಿ ಉಳಿದಿದ್ದ ಹಾಲನ್ನು ಬಟ್ಟಲಿಗೆ ಬಗ್ಗಿಸಿ ನನ್ನ ಕೈಗೆ ಕೊಟ್ಟಳು. “ತಪ್ಪಿನ ಪಾಲು ಅಂತ ಹೇಳಿ ಎರಿ.”

“ನಾನೇ ಎರಿಬೇಕಾ?”

“ಮಾಡಿದಾಕಿ ನೀನಲ್ಲೇನು?”

ಹುತ್ತದ ಬಾಯಿ ನನ್ನ ಮುಖಕ್ಕೆ ಒಂದು ಗೇಣು ದೂರ. ಒಳಗಿಂದ ಹಸಿ ಮಣ್ಣಿನ ತಂಪು ಬರುತ್ತಿತ್ತು. ಅಜ್ಜಿ ತನ್ನ ಕೈಯನ್ನು ನನ್ನ ಕೈಯ ಕೆಳಗೆ ಇಟ್ಟಳು, ಇರುವೆ ಕಚ್ಚಿದ ಆ ಕೈಯನ್ನೇ. ಕಚ್ಚುವುದಾದರೆ ಈಗ ಇಬ್ಬರನ್ನೂ ಕಚ್ಚಲಿ ಎಂದುಕೊಂಡು ಕಣ್ಣು ಮುಚ್ಚಿದೆ. “ತಪ್ಪಿನ ಪಾಲು,” ಎಂದೆ. ಹಾಲು ಮಣ್ಣಿಗೆ ಇಳಿದ ಸದ್ದು ಕೇಳಿತು. ಕಣ್ಣು ಬಿಡುವ ಮೊದಲೇ ಇನ್ನೂ ಒಂದು ಹನಿ ಬಗ್ಗಿಸಿ ಬೇಗ ಬೇಗ ಹೇಳಿದೆ, “ಅಜ್ಜಿ ಪಾಲು.”

ಮನೆಗೆ ಬಂದ ಮೇಲೆ ಅಜ್ಜಿ ಈ ವಿಷಯವನ್ನು ಅಪ್ಪನಿಗಾಗಲಿ ಅವ್ವನಿಗಾಗಲಿ ಹೇಳಲಿಲ್ಲ. ಎಲ್ಲರೂ ಕಡುಬಿಗೆ ತುಪ್ಪ ಸುರಿದುಕೊಂಡು ಉಂಡರು. ನನ್ನ ಎಲೆಯಲ್ಲಿ ಕಡುಬು ಹಾಗೇ ಆರಿತು. ಅಜ್ಜಿಯ ಬೆರಳು ಕೆಂಪಗೆ ಊದಿಕೊಂಡಿತ್ತು. ಗಳಿಗೆಗೊಮ್ಮೆ ಹೋಗಿ ಅದನ್ನು ನೋಡಿ ಬರುತ್ತಿದ್ದೆ. ಮಧ್ಯಾಹ್ನ ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದಾಗ, ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಅವಳ ಸೆರಗು ಏರಿಳಿಯುವುದನ್ನು ನೋಡುತ್ತಾ ಬಾಗಿಲಲ್ಲಿ ಕೂತಿದ್ದೆ. ಓಣಿಯ ಮಕ್ಕಳು ಜೋಕಾಲಿಗೆ ಕರೆದರು. ಹೋಗಲಿಲ್ಲ.

ನಿಮಗೆ ಇದೆಲ್ಲ ವಿಚಿತ್ರ ಎನಿಸಬಹುದು. ನಿಮ್ಮ ಮನೆಯಲ್ಲಿ ಮೂರು ಬಗೆಯ ಕಾವಲಿಗಳಿವೆ, ಯಾವ ದಿನ ಯಾವುದು ಒಲೆಯ ಮೇಲಿದೆ ಎಂದು ಯಾರೂ ನೋಡುವುದಿಲ್ಲ. ತಂಬಿಟ್ಟು ಅಂಗಡಿಯಿಂದ ಪೊಟ್ಟಣದಲ್ಲಿ ಬರುತ್ತದೆ. ಹಾವು ಏನು ತಿನ್ನುತ್ತದೆಂದು ಬೇಕಾದರೆ ಅಮ್ಮನ ಫೋನಿನಲ್ಲಿ ಹುಡುಕಿಬಿಡುತ್ತೀರಿ. ಹೆದರಿಕೆಯಾದರೆ ಮುಚ್ಚಿಡುವುದೂ ಇಲ್ಲ, ಊಟದ ನಡುವೆಯೇ “ಅಮ್ಮಾ, ನಂಗೆ ಭಯ” ಎಂದು ಹೇಳಿ ಮತ್ತೊಂದು ತುತ್ತು ಬಾಯಿಗಿಡುತ್ತೀರಿ. ಅದನ್ನು ಕಂಡಾಗ ನನಗೆ ಎಷ್ಟು ಹಗುರವಾಗುತ್ತದೆ ಗೊತ್ತೇ? ಆದರೆ ನನ್ನ ಅಜ್ಜಿ ನನ್ನ ಕೈಯ ಕೆಳಗೆ ತನ್ನ ಕೈ ಇಟ್ಟಳಲ್ಲ, ಅಂಥದ್ದು ನಿಮಗೂ ಒಮ್ಮೆ ಸಿಗಲಿ ಎಂದೂ ಅನಿಸುತ್ತದೆ.

ಆ ಸಂಜೆ ದೀಪ ಹಚ್ಚುವ ಹೊತ್ತಿಗೆ ನಾನು ಅತ್ತೆ ಎಂದು ಕರೆಯುತ್ತಿದ್ದ ಪಕ್ಕದ ಮನೆಯವಳು ಬಂದಳು. ಹೋದ ತಿಂಗಳಷ್ಟೇ ದಾವಣಗೆರೆ ಕಡೆಯಿಂದ ಬಾಡಿಗೆಗೆ ಬಂದವಳು. ಬೆಳಿಗ್ಗೆ ಅವ್ವ ಉಂಡೆ ಕಳಿಸಿದ್ದ ತಟ್ಟೆ ವಾಪಸು ಕೊಡಲು ಬಂದಿದ್ದಳು. ಹೊಸ್ತಿಲ ಮೇಲೆ ಕುಸಿದು ಕೂತು, ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು.

“ಸಾಕಾತು ನೋಡ್ರಿ ಅಜ್ಜಿ. ಬೆಳಗ್ಗಿಂದ ದೋಸೆ ಹಾಕಿ ಹಾಕಿ ರಟ್ಟೆ ಬಿದ್ದೋದ್ವು. ಪಂಚಮಿ ಅಂದ್ರೆ ನಮ್ಮೋರಿಗೆ ದೋಸೆ ಆಗ್ಲೇಬೇಕು.”

ಅಜ್ಜಿ ಊದಿದ ಬೆರಳನ್ನು ಮಡಿಲಲ್ಲಿ ಮುಚ್ಚಿಕೊಂಡು ನನ್ನ ಕಡೆ ನೋಡಿದಳು. ನಾನು ಅಜ್ಜಿಯ ಕಡೆ ನೋಡಿದೆ.

“ಪಂಚಮಿ ದಿನ ಹೆಂಚಿಡ್ತೀರೇನವ್ವಾ?” ಎಂದಳು ಅಜ್ಜಿ, ತೀರ ಮೆಲ್ಲಗೆ.

“ಮತ್ತಿನ್ನೇನು, ದೋಸೆನ ಅಂಗೈ ಮೇಲೆ ಹಾಕೋಕಾಗ್ತದೇನ್ರಿ?” ಎಂದು ಅತ್ತೆ ತಟ್ಟೆ ಕೊಟ್ಟು ಎದ್ದು ಹೋದಳು.