ಕುಡುಪು ದಾಟಿದ ಬೈಕು

ಕಂಕನಾಡಿ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಜಮಾಲುದ್ದೀನನ ಗ್ಯಾರೇಜು. ಬೋರ್ಡಿನಲ್ಲಿ ಬೇರೆ ಏನೋ ಹೆಸರಿದೆ, ಅದನ್ನು ಓದಿದವರಿಲ್ಲ. ಊರಿಗೆಲ್ಲ ಅವನು ಮೈಲೇಜ್ ಜಮಾಲ್. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರಿಗೆ ಸ್ಕ್ರೂಡ್ರೈವರ್ ಕೊಟ್ಟು, ಕಣ್ಣು ಮುಚ್ಚಿ, ಇಂಜಿನ್ನಿನ ಸದ್ದು ಕೇಳುತ್ತಾ ಕಾಲು ಸುತ್ತು ತಿರುಗಿಸಿದನೋ, ಲೀಟರಿಗೆ ನಲವತ್ತೈದು ಕೊಡುತ್ತಿದ್ದ ಬೈಕು ಅರವತ್ತು ಕೊಡಬೇಕು!

ಗಿರಾಕಿ ನಂಬಬೇಕಲ್ಲ? ಅದಕ್ಕೇ ಒಂದು ಬಾಟಲಿ. ಕೆಮ್ಮಿನ ಔಷಧದ್ದು, ನೂರು ಎಂಎಲ್. ಟ್ಯಾಂಕಿನ ಪೈಪು ಕಳಚಿ, ಬಾಟಲಿಗೆ ಪೆಟ್ರೋಲು ತುಂಬಿ ಹ್ಯಾಂಡಲಿಗೆ ತೂಗುಹಾಕಿ, ಅಷ್ಟರಲ್ಲೇ ಬೈಕು ಓಡಿಸುವುದು. ಹಿಂದೆ ಜಮಾಲ್. ನಂತೂರು, ಕುಲಶೇಖರ ಕಳೆದು ಆರು ಕಿಲೋಮೀಟರ್ ದೂರದ ಕುಡುಪು ದಾಟಿದರೆ ಪಾಸ್. ಮೊದಲೇ ನಿಂತರೆ ಫೇಲ್. ಆಗ ಗಿರಾಕಿಯನ್ನು ಬಸ್ಸು ಹತ್ತಿಸಿ, ತಾನೇ ಬೈಕನ್ನು ತಳ್ಳಿಕೊಂಡು ಕಂಕನಾಡಿಗೆ ಬರುತ್ತಿದ್ದ. ಅಷ್ಟು ಹಠಮಾರಿ.

ಪೆಟ್ರೋಲು ಪೋಲು ಮಾಡುವವರನ್ನು ಕಂಡರಂತೂ ಅವನಿಗಾಗದು. “ಸಿಗ್ನಲಲ್ಲಿ ಇಂಜಿನ್ ಆಫ್ ಮಾಡ್ಲಿಕ್ಕೆ ನಿಮಗೆ ಎಂತ ಧಾಡಿ?” ಎಂದು ಗುರುತು ಪರಿಚಯ ಇಲ್ಲದವರಿಗೂ ಬೈಯುತ್ತಿದ್ದ. ಸರಕಾರವೇ ಕಾನೂನು ತರಬೇಕು ಎನ್ನುತ್ತಿದ್ದ.

ಸರಕಾರ ತಂದಿತು, ನೋಡಿ. ಪೆಟ್ರೋಲು ಪೋಲಾಗದೆ ಉರಿಯಬೇಕೆಂದು ಹೊಗೆಯ ನಿಯಮ ಬಿಗಿಯಾಯಿತು, ಹೊಸ ಬೈಕುಗಳಿಂದ ಕಾರ್ಬ್ಯುರೇಟರ್ ಹೊರಟೇಹೋಯಿತು. ಎಷ್ಟು ಪೆಟ್ರೋಲು, ಎಷ್ಟು ಗಾಳಿ ಎಂಬುದನ್ನೆಲ್ಲ ಈಗ ಒಳಗಿನ ಕಂಪ್ಯೂಟರೇ ಲೆಕ್ಕ ಹಾಕುತ್ತದೆ. ದಿನಕ್ಕೆ ಎಂಟು ಗಾಡಿ ಬರುತ್ತಿದ್ದ ಗ್ಯಾರೇಜಿಗೆ ವಾರಕ್ಕೆರಡು ಬಂದರೆ ಹೆಚ್ಚು. ಊಟಕ್ಕೆಂದು ಮನೆಗೆ ಹೋದವನು ಸಂಜೆಯವರೆಗೆ ಅಲ್ಲೇ ಕೂತರೂ, ಯಾಕೆಂದು ಕೇಳುವುದನ್ನು ಹೆಂಡತಿ ಮುನೀರಾ ಬಿಟ್ಟಿದ್ದಳು. ಒಂದೇ ಒಂದು ಸಲ, ಗ್ಯಾರೇಜಿನ ಬಾಗಿಲು ಹಾಕಿ ಬಿಡಬಾರದಾ ಎಂದಿದ್ದಳು.

“ಮಹಾಬಲಣ್ಣನ ಗಾಡಿ ಇರುವವರೆಗೆ ಹಾಕುವುದಿಲ್ಲ,” ಎಂದು ಅವನು ಎದ್ದು ಹೋಗಿದ್ದ.

ಮಹಾಬಲ ವಾಮಂಜೂರಿನವರು, ಕಾಲೇಜೊಂದರ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದು ನಿವೃತ್ತರಾದವರು. ಇಪ್ಪತ್ತೆರಡು ವರ್ಷದ ಬೈಕು, ಇಪ್ಪತ್ತೆರಡು ವರ್ಷದ ಗಿರಾಕಿ. ಮೂರು ತಿಂಗಳಿಗೊಮ್ಮೆ ಬರಲೇಬೇಕು, ಬಾಟಲಿ ಕಟ್ಟಲೇಬೇಕು. ಅವರಿಗೆ ಮೈಲೇಜಿಗಿಂತ ಕುಡುಪಿನವರೆಗಿನ ಆ ಸವಾರಿಯೇ ಮುಖ್ಯ ಎಂದು ಜಮಾಲನಿಗೆ ಗೊತ್ತಿತ್ತು. ಅವನಿಗೂ ಹಾಗೆಯೇ.

ಈ ಸಲ ಅವರು ಬಂದದ್ದು ಹೊಸ ಬೈಕಿನಲ್ಲಿ.

“ಹಳೇದು?” ಎಂದ ಜಮಾಲ್.

“ಎಕ್ಸ್‌ಚೇಂಜಿಗೆ ಕೊಟ್ಟೆ ಮಾರಾಯ. ಹೊಗೆ ಟೆಸ್ಟಲ್ಲಿ ಎರಡು ಸಲ ಫೇಲ್ ಆಯ್ತು.” ಮಹಾಬಲರು ಅವನ ಮುಖ ನೋಡಲಿಲ್ಲ. “ನಿನಗೆ ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ. ಹೊಗೆ, ಮೈಲೇಜು ಎಲ್ಲದರ ನಿಯಮ ಇನ್ನೂ ಬಿಗಿ ಮಾಡ್ಬೇಕಾ ಬೇಡ್ವಾ ಅಂತ ಪೇಪರಲ್ಲಿ ದೊಡ್ಡ ಚರ್ಚೆ ಉಂಟು. ನೀನೆಂತ ಹೇಳ್ತೀ?”

“ಮಾಡ್ಲಿ. ಮಾಡ್ಬೇಕಾದ್ದೇ.” ಎಂದ ಜಮಾಲ್. “ಮೂವತ್ತು ವರ್ಷ ನಾನು ಬೊಬ್ಬೆ ಹೊಡೆದದ್ದು ಅದನ್ನೇ ಅಲ್ವಾ? ತಪ್ಪು ಅಂತ ಯಾವ ಬಾಯಲ್ಲಿ ಹೇಳ್ಲಿ?”

ತಪ್ಪು ಎನ್ನಲಾದರೂ ಬಂದಿದ್ದರೆ ಸಂಕಟ ಅರ್ಧ ಇಳಿಯುತ್ತಿತ್ತು, ಪಾಪ. ಯಾರನ್ನು ಬೈಯುವುದು? ಇಷ್ಟಕ್ಕೇ ಸುಮ್ಮನಿದ್ದರೂ ಆಗುತ್ತಿತ್ತು. ಆದರೆ ಗೋಡೆಯ ಮೊಳೆಯಲ್ಲಿ ಬಾಟಲಿ ತೂಗುತ್ತಿತ್ತು, ಕೈ ಕೇಳಲಿಲ್ಲ. “ನೋಡುವ, ಇದೆಷ್ಟು ಕೊಡ್ತದೆ,” ಎಂದವನೇ ಹೊಸ ಬೈಕಿನ ಪೈಪಿಗೆ ಕೈ ಹಾಕಿ ಎಳೆದ.

ಹಳೆಯ ಬೈಕಿನ ಪೈಪು ಹನಿಹನಿ ಇಳಿಸುತ್ತದೆ. ಇದರೊಳಗೆ ಪಂಪಿನ ಒತ್ತಡ. ಪೆಟ್ರೋಲು ಅವನ ಮುಖಕ್ಕೇ ಚಿಮ್ಮಿತು, ಪೈಪಿನ ಕೊಂಡಿ ಮುರಿಯಿತು. ಮತ್ತೆ ಸಿಕ್ಕಿಸಿ ಎಷ್ಟು ಒತ್ತಿದರೂ ಬೈಕು ಸ್ಟಾರ್ಟಾಗಲಿಲ್ಲ. ಮೀಟರಿನಲ್ಲಿ ಹಳದಿ ದೀಪವೊಂದು ಹತ್ತಿಕೊಂಡು ಕೂತಿತು. ಅದೇನೆಂದು ಮೈಲೇಜ್ ಜಮಾಲನಿಗೆ ಗೊತ್ತಿರಲಿಲ್ಲ.

ಟೆಂಪೋದಲ್ಲಿ ಹಾಕಿ ಫಳ್ನೀರಿನ ಶೋರೂಮಿಗೆ ಒಯ್ದರು. ಸರ್ವಿಸ್ ನೋಡುವ ಶರೊನ್ ಎಂಬ ಹುಡುಗಿ ಬೈಕಿಗೆ ವಯರು ಚುಚ್ಚಿ, ಪರದೆ ನೋಡಿದಳು. “ಇದನ್ನು ಯಾರು ಎಳೆದದ್ದು ಅಂಕಲ್? ಗೊತ್ತಿಲ್ಲದವರ ಕೈಗೆ ಕೊಡ್ಬೇಡಿ.”

“ನಾನೇ ಎಳೆದದ್ದು,” ಎಂದರು ಮಹಾಬಲರು. “ನನಗೆ ಬುದ್ಧಿ ಇಲ್ಲ.”

ಪಕ್ಕದಲ್ಲಿ ಪೆಟ್ರೋಲು ನಾರುವ ಅಂಗಿಯಲ್ಲಿ ಜಮಾಲ್ ನಿಂತಿದ್ದ. ನಾನು ಎಂಬ ಒಂದು ಮಾತು ಅವನ ಬಾಯಿಂದ ಹೊರಡಲಿಲ್ಲ. ಮೂವತ್ತು ವರ್ಷದಲ್ಲಿ ಅವನಿಗಾಗಿ ಯಾರೂ ಸುಳ್ಳು ಹೇಳುವ ಪ್ರಸಂಗ ಬಂದಿರಲಿಲ್ಲ. ನಾಚಿಕೆಯಿಂದ ಸತ್ತುಹೋದ ಹಾಗಾಯಿತು.

ಅರ್ಧ ಗಂಟೆಯಲ್ಲಿ ಬೈಕು ಸರಿಯಾಯಿತು. “ಹತ್ತು, ಬಾಟಲಿ ಇಲ್ಲದಿದ್ರೂ ಕುಡುಪಿಗೆ ಹೋಗುವ,” ಎಂದರು ಮಹಾಬಲರು. ಬೇಡವೆನ್ನಲಾರದೆ ಹತ್ತಿದ. ಅಭ್ಯಾಸಬಲದಿಂದ ಬಗ್ಗಿ ಕಿವಿಗೊಟ್ಟ. ಎಲ್ಲೂ ಒಂದು ತಪ್ಪು ಸದ್ದಿಲ್ಲ. ಕುಲಶೇಖರದ ಏರಿನಲ್ಲಿ ಕೆಮ್ಮಲಿಲ್ಲ. ಕುಡುಪು ಬಂತು, ಹೋಯಿತು. ಬೈಕು ನಿಲ್ಲಲಿಲ್ಲ.

“ಪಾಸಲ್ವಾ ಮಾರಾಯ?” ಮಹಾಬಲರು ಮೆಲ್ಲಗೆ ಕೇಳಿದರು.

“ಪಾಸ್, ಮಹಾಬಲಣ್ಣ. ಇಲ್ಲೇ ನಿಲ್ಲಿಸಿ, ನಾನು ಬಸ್ಸಲ್ಲಿ ಹೋಗ್ತೇನೆ.”

ಅವರು ವಾಮಂಜೂರಿನ ಕಡೆ ಹೋದರು. ಜಮಾಲ್ ರಸ್ತೆ ದಾಟಿ ನಿಂತು ಮುನೀರಾಳಿಗೆ ಫೋನು ಮಾಡಿದ.

“ಕಪಾಟಿನ ಮೇಲೆ ದೊಡ್ಡ ಬೀಗ ಒಂದು ಉಂಟಲ್ಲ,” ಎಂದ, “ಅದನ್ನು ತೆಗೆದಿಡು.”